ಕೋಲು ಯಾರ ಕೈಲಿ?

ಒಬ್ಬ ಮನುಷ್ಯ ಇನ್ನೊಬ್ಬನನ್ನು ಮೇಲೆತ್ತಿದ ಮೇಲೆ ಕೈ ಬಿಡಬೇಕೋ, ಹಿಡಿದುಕೊಂಡೇ ಇರಬೇಕೋ? ಮಿಷನರಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳ್ತಾ ಇದ್ದೀನಿ. ಆದರೆ ಇದು ಅವರೊಬ್ಬರಿಗೇ ಸೇರಿದ್ದಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕೇರಿಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ. ಊರ ಗುಡಿಯ ಹೊಸಿಲು ದಾಟದ ಜನ ಭಾನುವಾರ ಶೀಟಿನ ಸೂರಿನಡಿ ಚಾಪೆ ಹಾಸಿ ಕೂತು ಪ್ರಾರ್ಥನೆ ಮಾಡ್ತಾರೆ. ಇದನ್ನು ಕಂಡು ಮಠದ ಕಡೆಯವರು 'ಆಮಿಷ' ಅಂತಾರೆ. ನಮ್ಮ ಪ್ರಗತಿಪರ ಗೆಳೆಯರು ಬಾಯಿಬಿಟ್ಟು ಹೇಳದಿದ್ದರೂ 'ಹಾಲಿನಪುಡಿಗೆ ಹೋದವರು' ಅಂತ ಒಳಗೇ ನಗ್ತಾರೆ. ಇಬ್ಬರ ಮಾತಿನ ತಿರುಳೂ ಒಂದೇ: ಕೇರಿಯವನಿಗೆ ಹೊಟ್ಟೆ ಇದೆ, ತಲೆ ಇಲ್ಲ. ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ನೆಲಮಂಗಲದ ಕಡೆ ಸಿಲ್ವೇಪುರ ಅಂತ ಒಂದು ಊರಿದೆ. ಸಿಲುವೆ ಅಂದರೆ ಶಿಲುಬೆ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ನಾಶವಾದರು ಅನ್ನುತ್ತಾರೆ. ಆ ಬರದಲ್ಲಿ ಉಳಿದ ಅನಾಥರನ್ನೂ ಮತಕ್ಕೆ ಬಂದವರನ್ನೂ ಫ್ರೆಂಚ್ ಪಾದ್ರಿಗಳು ನೆಲ ಕೊಟ್ಟು ಕೂರಿಸಿದ ಊರುಗಳಲ್ಲಿ ಅದೂ ಒಂದು. ಹಸಿದವನು ಗಂಜಿ ಕೊಟ್ಟವನ ದೇವರನ್ನು ನಂಬಿದ್ದು ತಪ್ಪು ಅನ್ನುವುದಾದರೆ, ಗಂಜಿ ಹುಯ್ಯದೆ ಗರ್ಭಗುಡಿಯಲ್ಲಿ ಕೂತಿದ್ದ ದೇವರುಗಳ ಲೆಕ್ಕವನ್ನೂ ತೆಗೆಯಬೇಕಾಗುತ್ತೆ. ನೆಲ, ಗಂಜಿ, ಅಕ್ಷರ ಇವನ್ನು ಕೊಟ್ಟವರ ಋಣವನ್ನು ನಾನು ಅಲ್ಲಗಳೆಯೋದಿಲ್ಲ. ನಮ್ಮಜ್ಜಂದಿರಿಗೆ ಅಕ್ಷರ ಕೊಡೋಕೆ ಅಗ್ರಹಾರದಿಂದ ಯಾರೂ ಬರಲಿಲ್ಲವಲ್ಲ!

ನನ್ನ ತಕರಾರು ಬೇರೆ. ಗಂಜಿ ಕೊಟ್ಟ ಕೈ ಕೋಲನ್ನು ಯಾಕೆ ಕೊಡಲಿಲ್ಲ?

ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು 1887ರಲ್ಲಿ ಸಾಯುವ ತನಕ ಕನ್ನಡದ ಕೆಲಸ ಮಾಡಿದರು. ಅವೆನ್ಯೂ ರಸ್ತೆಯ ಚರ್ಚಿಗೆ ಅವರ ಹೆಸರಿದೆ. ಒಳ್ಳೆಯದು, ಇರಲಿ. ಆದರೆ ಇಂಥ ದೊರೆಗಳ ಹಿಂದೆ ಮುಂದೆ ಬಿಸಿಲಲ್ಲಿ ಊರೂರು ಅಲೆದು, ಜನರ ಮಾತಿನಲ್ಲಿ ಕತೆ ಹೇಳಿ, ಹೆಣ ಹೂಳಿ, ಜಗಳ ಬಿಡಿಸಿ ಸಭೆಯನ್ನು ನಿಜವಾಗಿ ಕಟ್ಟಿದವನು ಉಪದೇಶಿ. ಅವನು ಎಷ್ಟೋ ಕಡೆ ನಮ್ಮವನೇ, ಹೊಲೆಯ ಮಾದಿಗರ ಮಗ. ವರದಿ ಬರೆದವರು ದೊರೆ. ಉಪದೇಶಿ ಆ ವರದಿಯಲ್ಲಿ ಹೆಸರಿಲ್ಲದೆ 'ನಮ್ಮ ಸ್ಥಳೀಯ ಸಹಾಯಕ' ಆಗಿ ಉಳಿದ.

ಮಂಗಳೂರಿನ ಬಾಸೆಲ್ ಮಿಷನ್ನನ್ನು ನೋಡಿ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಸ್ವಿಟ್ಜರ್ಲೆಂಡಿಗೆ ಹೋಗಿ ಓದಿ, ಮಿಷನರಿಯಾಗಿಯೇ ಹಿಂದಿರುಗಿದರು. ಅವರು ತೆತ್ತದ್ದು ಕಡಿಮೆಯಲ್ಲ, ಮನೆ ಮಠ ಬಿಟ್ಟು ಬಂದವರು. ಆದರೆ ಅದೇ ಸಭೆಗೆ ದೊಡ್ಡ ಸಂಖ್ಯೆಯಲ್ಲಿ ಬಂದ ಬಿಲ್ಲವರಲ್ಲಿ ಬಹಳ ಜನಕ್ಕೆ ಸಿಕ್ಕಿದ್ದು ಮಗ್ಗ ಮತ್ತು ಹಂಚಿನ ಕಾರ್ಖಾನೆ. ದೇವರ ಮುಂದೆ ಎಲ್ಲರೂ ಸಮ. ಸಮುದ್ರ ದಾಟುವ ಹಡಗಿನ ಮುಂದೆ ಅಲ್ಲ.

ಮಿಷನ್ನಿನ ಒಳಗೇ ಇದನ್ನು ಕಂಡವರು ಇರಲಿಲ್ಲ ಅಂತಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಹೆನ್ರಿ ವೆನ್, ರೂಫಸ್ ಆಂಡರ್ಸನ್ ಎಂಬಿಬ್ಬರು ಸ್ಥಳೀಯ ಸಭೆ ತನ್ನ ಖರ್ಚು ತಾನೇ ಹೊರಬೇಕು, ತನ್ನನ್ನು ತಾನೇ ಆಳಬೇಕು, ತಾನೇ ಹರಡಬೇಕು ಎಂದಿದ್ದರು. ಮಿಷನರಿಯ ಕೆಲಸ ತಾನು ಬೇಡವಾಗುವುದು! ಎಷ್ಟು ದೊಡ್ಡ ಮಾತು. 1910ರಲ್ಲಿ ಎಡಿನ್‌ಬರೋ ಸಮ್ಮೇಳನದಲ್ಲಿ ದಕ್ಷಿಣ ಭಾರತದ ವಿ. ಎಸ್. ಅಜರಯ್ಯ ಎದ್ದುನಿಂತು, ನಮಗೆ ನಿಮ್ಮ ತ್ಯಾಗ ಸಾಲದು, ಸ್ನೇಹ ಬೇಕು ಅಂತ ಬಿಳಿಯರ ಮುಖಕ್ಕೇ ಹೇಳಿದರು. ಎರಡು ವರ್ಷದ ಮೇಲೆ ದೋರ್ನಕಲ್ಲಿನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ನಾಡಾರ್ ಜಾತಿಯಿಂದ ಬಂದವರು. ಆದರೆ ಬಿಷಪ್ಪರ ಬಣ್ಣ ಬದಲಾದ ಮಾತ್ರಕ್ಕೆ ಕೇರಿಯ ಸಭೆಗೆ ಬಾಯಿ ಬಂದಹಾಗಾಯಿತೇ?

ಇಲ್ಲಿ 'ಮಂದೆ' ಅನ್ನೋ ಮಾತನ್ನು ಸ್ವಲ್ಪ ನೋಡಬೇಕು. ಪಾಲಕ ಕುರುಬ, ಸಭೆ ಕುರಿಮಂದೆ. ಪಟ್ಟಣದವರಿಗೆ ಇದು ಚಿತ್ರಪಟ. ನಮ್ಮ ಕಡೆ ಕುರಿ ಕಾದವರಿಗೆ ಇದು ದಿನದ ಬದುಕು. ಕುರುಬ ಕುರಿಯನ್ನು ಪ್ರೀತಿಸ್ತಾನೆ, ನಿಜ. ತೋಳದಿಂದ ಕಾಪಾಡ್ತಾನೆ, ನಿಜ. ಉಣ್ಣೆ ಕತ್ತರಿಸ್ತಾನೆ, ಸಂತೆಗೂ ಹೊಡೀತಾನೆ, ಅದೂ ನಿಜ. ಕುರಿ ಎಷ್ಟೇ ಕೊಬ್ಬಿದರೂ ಕುರುಬನಾಗೋದಿಲ್ಲ. ಕಳೆದ ಒಂದು ಕುರಿಯನ್ನು ಹುಡುಕಿ ಹೋಗುವ ಕುರುಬನ ಕತೆ ಕೇಳಿದಾಗ ನನ್ನ ಕಣ್ಣೂ ತೇವ ಆಗುತ್ತೆ. ಅವತ್ತಿನ ತನಕ ನಮ್ಮನ್ನು ಹುಡುಕಿ ಯಾರೂ ಬಂದಿರಲಿಲ್ಲ. ಆದರೆ ಹುಡುಕಿ ತಂದ ಮೇಲೆ ಮತ್ತೆ ಹಟ್ಟಿಗೇ ಕೂಡುವುದಾದರೆ ಹಟ್ಟಿ ಬದಲಾಯಿತೇ ಹೊರತು ಬೇರೇನಲ್ಲ.

ದೊಡ್ಡಬಳ್ಳಾಪುರದ ಬದಿಯ ಒಂದು ಕೇರಿಯಲ್ಲಿ ಒಬ್ಬ ಹೆಂಗಸನ್ನು ನೋಡಿದ್ದೀನಿ. ಕಳೆ ಕೀಳೋ ಕೂಲಿ. ಸಭೆಯವರು ಕಲಿಸಿದ ಅಕ್ಷರದಿಂದ ದೇವರ ವಾಕ್ಯ ಓದ್ತಾಳೆ, ಪಡಿತರ ಅಂಗಡಿಯ ತೂಕವನ್ನೂ ಓದ್ತಾಳೆ. ರೋಗಿಯ ಪಕ್ಕ ರಾತ್ರಿಯೆಲ್ಲ ಕೂರೋಳು ಅವಳು, ಕುಡಿದು ಹೊಡೆಯೋ ಗಂಡನ ಕೈ ಹಿಡಿಯೋಳು ಅವಳು. ಆದರೆ ಪ್ರಸಂಗ ಮಾಡೋಕೆ ಪಟ್ಟಣದಿಂದ ಮೋಟಾರ್ ಸೈಕಲ್ಲಿನಲ್ಲಿ ಅಯ್ಯನವರು ಬರಬೇಕು. ಕಾಣಿಕೆ ಡಬ್ಬಿಯ ಬೀಗದಕೈ ಅವರ ಜೇಬಲ್ಲಿ. 'ಯಾಕಕ್ಕಾ, ನೀನೇ ಹೇಳಬಾರದಾ?' ಅಂದೆ. 'ನಂಗೇನ್ ಗೊತ್ತಪ್ಪಾ, ಅವರು ಓದ್ದೋರು' ಅಂದಳು. ಸಾವಿರ ವರ್ಷ ಇದೇ ಮಾತನ್ನು ಇನ್ನೊಂದು ಗುಡಿಯ ಮುಂದೆ ಹೇಳಿಸಿದ್ದಾರೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ನಂದ್ಯಾಲದಲ್ಲಿ. ಈ ಅಕ್ಕನ ಶೀಟಿನ ಸೂರಿನ ತನಕ ಅದು ಬರೋದಕ್ಕೆ ಎಷ್ಟು ವರ್ಷ ಬೇಕೋ!

ಇನ್ನು ಸರ್ಕಾರದ ಕತೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ ಅಲ್ಲದವನನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಿಗೂ ಮುಸಲ್ಮಾನರಿಗೂ ಬಾಗಿಲು ಮುಚ್ಚಿಯೇ ಇದೆ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು, ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಕೊಟ್ಟ ಪೆಟ್ಟಿಗೆ ಅಂಗಡಿ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿನ ತನಕ ಹೋದರು. ಮತ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ಕಟುವಾಗಿ ಉಳಿದಿದೆ ಅಂತ ತೋರಿಸಿಲ್ಲ ಎಂದು 1985ರಲ್ಲಿ ಕೋರ್ಟು ತಳ್ಳಿಹಾಕಿತು. ತಿರುಚಿನಾಪಳ್ಳಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಿದ ಗೋಡೆ ಇದೆ. ಸತ್ತವರು ಸಾಕ್ಷಿ ಹೇಳೋಕೆ ಬರೋದಿಲ್ಲ, ಅಷ್ಟೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಮತದ ಗೆರೆಯನ್ನು ಅಳಿಸಿ ಅಂದಿತು. ಅಳಿಸಲಿಲ್ಲ. 2022ರಲ್ಲಿ ಇನ್ನೊಂದು ಆಯೋಗ ಮಾಡಿದರು.

ಇದರ ಫಲ ಏನು? ಸಭೆಯಲ್ಲಿ ಮಾತು ಕಲಿತ ಹುಡುಗ ಮತ ಹೇಳಿಕೊಂಡರೆ ಪಂಚಾಯಿತಿಯ ಮೀಸಲು ಸ್ಥಾನಕ್ಕೆ ನಿಲ್ಲುವಂತಿಲ್ಲ. ಆದ್ದರಿಂದ ಶಾಲೆಯ ದಾಖಲೆಯಲ್ಲಿ ಆದಿ ಕರ್ನಾಟಕ, ಭಾನುವಾರ ಇನ್ನೊಂದು ಹೆಸರು. ಅವನು ಸುಳ್ಳುಗಾರ ಅಂತ ಎಲ್ಲರೂ ಬೆರಳು ತೋರಿಸ್ತಾರೆ. ಎರಡು ಹೆಸರಿಲ್ಲದೆ ಬದುಕೋಕೇ ಬಿಡದ ಕಾನೂನು ಸತ್ಯವಂತನೇ? ನನ್ನ ಮಟ್ಟಿಗೆ ಆ ಸುಳ್ಳಿನ ಪಾಪ ಅವನದಲ್ಲ. ಆದರೆ ಅವನು ತೆರುವ ಬೆಲೆ ಅವನದೇ. ಒಳಗೆ ನಾಯಕನಾದವನು ಬೀದಿಯಲ್ಲಿ ಬಾಯಿ ಮುಚ್ಚಿಕೊಂಡು ನಡೀಬೇಕು. ಕೇರಿಯ ಅರ್ಧ ನಾಯಕತ್ವ ಹೀಗೆ ಶೀಟಿನ ಸೂರಿನಡಿಯೇ ಕೊಳೀತಾ ಇದೆ.

1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅರವಿಂದ ನಿರ್ಮಲ್, ದಲಿತರ ದೇವರ ಮಾತನ್ನು ದಲಿತರೇ, ತಮ್ಮ ನೋವಿನಿಂದಲೇ ಹೇಳಬೇಕು ಅಂತ ವಾದ ಹೂಡಿದರು. ಅಂಬೇಡ್ಕರ್ ಬೌದ್ಧರಾದದ್ದೂ ಯಾರದೋ ಮಂದೆ ಸೇರೋಕಲ್ಲ, ತಮ್ಮ ಕಾಲ ಮೇಲೆ ತಾವು ನಿಲ್ಲೋಕೆ.

ಹಾಗಂತ ಪಾದ್ರಿಗಳನ್ನು ಬೈದು ನಾವು ಕೈ ತೊಳೆದುಕೊಳ್ಳೋ ಹಾಗಿಲ್ಲ. ಸಂಘಟನೆಯ ಗೆಳೆಯರೇ, ನಮ್ಮ ಕಡೆ ಹೇಗಿದೆ? ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಇವತ್ತು ಎಷ್ಟು ಬಣ? ಒಬ್ಬೊಬ್ಬ ಸಂಚಾಲಕನ ಹಿಂದೆ ಒಂದೊಂದು ಮಂದೆ. ಪೋಸ್ಟರು ಅಂಟಿಸಿದ, ಲಾಠಿ ತಿಂದ, ಟೌನ್‌ಹಾಲಿನ ಮುಂದೆ ಕೂತ ಹುಡುಗ ಹತ್ತು ವರ್ಷದ ಮೇಲೂ ಪೋಸ್ಟರು ಅಂಟಿಸ್ತಾನೇ ಇರ್ತಾನೆ. ಹೆಣ್ಣುಮಕ್ಕಳು ಕ್ರಾಂತಿಗೀತೆ ಹಾಡೋಕೆ ಬೇಕು, ವೇದಿಕೆಯ ಕುರ್ಚಿಗೆ ಬೇಡ. ಮುಂದಿನ ತಿಂಗಳ ಸಭೆಯ ಕರಪತ್ರ ಈಗ ತಾನೇ ಕೈಗೆ ಬಂತು. ಅಧ್ಯಕ್ಷತೆ: ಹೋದ ಸಲದವರೇ.