ಗೋಡೆಯ ಮೇಲಿಲ್ಲದ ಪಟ

ನಮ್ಮ ಐನ್‌ಮನೆಯ ನಡುಕೋಣೆಯಲ್ಲಿ ಹಿರಿಯರ ಪಟಗಳ ಒಂದು ಸಾಲೇ ಇದೆ. ಕುಪ್ಪಿಯ ತೊಟ್ಟು, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತ ಅಜ್ಜಂದಿರು. ಸೆರಗು ಸರಿಪಡಿಸಿಕೊಂಡು ಪಕ್ಕದಲ್ಲಿ ಕುಳಿತ ಅಜ್ಜಿಯರು. ಯಾರ ಮುಖದಲ್ಲಿಯೂ ನಗೆಯಿಲ್ಲ, ಅಳುವೂ ಇಲ್ಲ. ಆ ಗೋಡೆಯನ್ನು ನೋಡಿದವರು, ಈ ಮನೆಯಲ್ಲಿ ಮದುವೆಯ ಹೊರತು ಇನ್ನೇನೂ ನಡೆದೇ ಇಲ್ಲವೆಂದು ತಿಳಿಯಬೇಕು. ಮನೆತನದ ಮರ್ಯಾದೆ ಎಂದರೆ ಇದೇ ಎಂದು ನಾನೂ ಬಹುಕಾಲ ನಂಬಿದ್ದೆ.

ಎರಡು ವರ್ಷಗಳ ಹಿಂದೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಛಾಯಾಚಿತ್ರ ಪ್ರದರ್ಶನವೊಂದು ಏರ್ಪಾಡಾಯಿತು. ಆಯ್ಕೆಯ ಹೊಣೆ ನನ್ನದು. ಕಾಫಿಯ ಹೂವು, ಮಂಜು ಕವಿದ ಬೆಟ್ಟ, ಹುತ್ತರಿಯ ಕೋಲಾಟ — ಇವುಗಳ ನಡುವೆ ಹುಡುಗಿಯೊಬ್ಬಳು ಮೂರು ಚಿತ್ರಗಳನ್ನು ತಂದಿಟ್ಟಳು. ಒಂದರಲ್ಲಿ ಅವಳದೇ ಮುಖ, ಅತ್ತು ಊದಿದ್ದು. ಇನ್ನೊಂದರಲ್ಲಿ ಅವಳದೇ ಬರಿ ಹೆಗಲು. ಅದರ ಮೇಲೆ ಬಾಸುಂಡೆ. ಮೂರನೆಯದರಲ್ಲಿ ಅವಳ ತಾಯಿ ಒಲೆಯ ಮುಂದೆ ಕುಳಿತಿದ್ದಾರೆ. ತೋಳಿನ ಮೇಲೆ ನೀಲಿಗಟ್ಟಿದ ಬೆರಳಿನ ಗುರುತು.

“ಏನಮ್ಮಾ, ಮನೆಯ ಮಾತನ್ನು ಬೀದಿಗೆ ತರಬಹುದೆ?” ಎಂದೆ.

“ಮನೆಯಲ್ಲಿ ಕೇಳುವವರಿದ್ದರೆ ಬೀದಿಗೇಕೆ ತರುತ್ತಿದ್ದೆ, ಸಾರ್?” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಅಧ್ಯಾಪಕನಿಗೆ ಅಧಿಕಾರವಾದರೂ ಇರುತ್ತದೆಯಲ್ಲ! ಮೂರನ್ನೂ ಹಿಂದಕ್ಕೆ ಕೊಟ್ಟೆ. ಆ ಬಾಸುಂಡೆ ಹೇಗೆ ಬಂತೆಂದು ಕೇಳಲೂ ಇಲ್ಲ. ಹುಡುಗಿಯ ಹೆಗಲಿಗಿಂತ ಪ್ರದರ್ಶನದ ಮಾನವೇ ನನಗೆ ದೊಡ್ಡದಾಗಿ ಕಂಡಿತೆಂಬುದನ್ನು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಈ ವಿದ್ಯೆಯ ಚರಿತ್ರೆಯನ್ನು ತಿರುವಿಹಾಕಿದಾಗ, ಅವಳು ಯಾರೂ ಮಾಡದ್ದನ್ನೇನೂ ಮಾಡಿರಲಿಲ್ಲವೆಂದು ತಿಳಿಯಿತು. ೧೮೩೯ರಲ್ಲಿ ಫ್ರಾನ್ಸಿನ ಸರಕಾರ ಛಾಯಾಚಿತ್ರದ ಕೀರ್ತಿಯನ್ನು ದಾಗೇರನಿಗೆ ಕಟ್ಟಿತು. ತನ್ನದೇ ವಿಧಾನವೊಂದನ್ನು ಕಂಡುಹಿಡಿದಿದ್ದ ಹಿಪೊಲೀತ್ ಬಯಾರ್‌ನನ್ನು ಕೇಳುವವರಿಲ್ಲವಾಯಿತು. ಮರುವರ್ಷ ಅವನು ಬರಿಮೈಯಲ್ಲಿ ಕಣ್ಣುಮುಚ್ಚಿ ಕುಳಿತು, ನೀರಿನಲ್ಲಿ ಮುಳುಗಿ ಸತ್ತವನ ಹೆಣದಂತೆ ತನ್ನ ಪಟವನ್ನು ತಾನೇ ತೆಗೆದುಕೊಂಡ. ಕ್ಯಾಮರಾ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಪ್ರತಿಭಟನೆಯನ್ನು ಕಲಿತಿತ್ತು. ೧೯೮೪ರಲ್ಲಿ ಅಮೆರಿಕದ ನ್ಯಾನ್ ಗೋಲ್ಡಿನ್, ಪ್ರಿಯಕರನ ಹೊಡೆತ ತಿಂದು ಒಂದು ತಿಂಗಳಾದ ಮೇಲೆ, ರಕ್ತ ಕಟ್ಟಿದ ಕಣ್ಣನ್ನು ಮರೆಮಾಚದೆ, ತುಟಿಗೆ ಕೆಂಪು ಬಳಿದುಕೊಂಡು ಕ್ಯಾಮರಾದ ಮುಂದೆ ಕುಳಿತಳು. ೧೯೮೬ರಲ್ಲಿ ಬಂದ ಪುಸ್ತಕದಲ್ಲಿ ಆ ಪಟವನ್ನೂ ಸೇರಿಸಿದಳು. ಆ ನೋಟ ಕನಿಕರವನ್ನು ಬೇಡುವುದಿಲ್ಲ. ನಾಚಬೇಕಾದವಳು ನಾನಲ್ಲ ಎನ್ನುತ್ತದೆ.

ದೂರದ ಮಾತೇಕೆ? ನಮ್ಮ ಕೊಡಗಿನ ಗೌರಮ್ಮನವರು ೧೯೩೯ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡರು. ಅಷ್ಟರೊಳಗೆ ವಿಧವೆಯರ, ವಂಚಿತ ಹೆಂಗಸರ ಒಳಗುದಿಯನ್ನು ಕಥೆಗಳಲ್ಲಿ ತೆರೆದಿಟ್ಟಿದ್ದರು. ಅವರು ಬರೆದದ್ದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಆ ಕಥೆಗಳನ್ನು ತರಗತಿಯಲ್ಲಿ ಹೊಗಳಿ ಪಾಠ ಹೇಳುವವನು ನಾನೇ. ಅಕ್ಷರಕ್ಕೆ ಕೊಟ್ಟ ಸಲಿಗೆಯನ್ನು ಚಿತ್ರಕ್ಕೆ ಏಕೆ ಕೊಡದೆ ಹೋದೆ?

ಒಂದು ಭೇದ ಉಂಟು, ನಿಜ. ಕಥೆಯಲ್ಲಿ ಹೆಸರನ್ನು ಬದಲಿಸಬಹುದು. ಪಟದಲ್ಲಿ ಮುಖವನ್ನು ಬದಲಿಸಲಾಗದು. ಬಯಾರ್ ತೋರಿಸಿದ್ದು ತನ್ನ ಮೈಯನ್ನು; ಗೋಲ್ಡಿನ್ ತೋರಿಸಿದ್ದು ತನ್ನ ಕಣ್ಣನ್ನು. ತನ್ನ ಗಾಯವನ್ನು ತಾನು ತೋರಿಸುವುದು ಬಂಡಾಯ. ಇನ್ನೊಬ್ಬರ ಗಾಯವನ್ನು ಅವರನ್ನು ಕೇಳದೆ ತೋರಿಸಿದರೆ, ಅದು ಗಾಯದ ಮೇಲೆ ಇನ್ನೊಂದು ಗಾಯ. ಆದ್ದರಿಂದ ಆ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ‘ಬೀದಿಗೆ ತರಬಹುದೆ?’ ಎಂದಲ್ಲ, ‘ತಾಯಿಯವರನ್ನು ಕೇಳಿದೆಯಾ?’ ಎಂದು.

ಇಷ್ಟನ್ನು ಕಂಡುಕೊಂಡು ಸಮಾಧಾನದಲ್ಲಿದ್ದೆ. ಕಳೆದ ಹುತ್ತರಿಗೆ ಮನೆಗೆ ಹೋದಾಗ ಆ ಗೋಡೆಯ ಮುಂದೆ ನಿಂತವನಿಗೆ, ಅಲ್ಲಿ ನನ್ನ ಸೋದರತ್ತೆಯಿಲ್ಲವೆಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಮದುವೆಯಾದ ಮೂರೇ ವರ್ಷಕ್ಕೆ ತವರಿಗೆ ಮರಳಿ, ಸಾಯುವವರೆಗೂ ಅದೇ ಮನೆಯಲ್ಲಿ ಬಾಳಿದವಳು. ನನ್ನನ್ನು ಎತ್ತಿ ಆಡಿಸಿದವಳು. ದೊಡ್ಡಪ್ಪನನ್ನು ಕೇಳಿದೆ. “ಪಟ ಪೆಟ್ಟಿಗೆಯಲ್ಲಿದೆ, ಮಗಾ. ಹುಬ್ಬಿನ ಮೇಲೆ ಆ ಕಲೆ ಇತ್ತಲ್ಲ, ಬಂದವರು ಏನೆಂದು ಕೇಳುತ್ತಾರೆ” ಎಂದರು. ಗೋಡೆಗೆ ಹಾಕಬಾರದೆಂದು ಅತ್ತೆ ಹೇಳಿದ್ದಳೆ? ಅವಳನ್ನು ಯಾರೂ ಕೇಳಿರಲಿಲ್ಲ. ಕೇಳದೆ ತೋರಿಸುವುದು ತಪ್ಪಾದರೆ, ಕೇಳದೆ ಮರೆಮಾಡುವುದೂ ತಪ್ಪೇ. ಮೊದಲನೆಯದನ್ನು ನಾವು ನಿರ್ಲಜ್ಜೆ ಎನ್ನುತ್ತೇವೆ. ಎರಡನೆಯದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ.

ಊರಿನಿಂದ ಬಂದವನೇ ಆ ಹುಡುಗಿಗೆ ಫೋನು ಮಾಡಿದೆ. ಬಾಸುಂಡೆಯ ಮಾತನ್ನು ಎರಡು ವರ್ಷ ತಡವಾಗಿ ಕೇಳಿದೆ. ಈಗ ತಾಯಿ ಮಗಳಿಬ್ಬರೂ ಬೇರೆ ಊರಿನಲ್ಲಿ ಒಟ್ಟಿಗಿದ್ದಾರೆ. ಕೊನೆಯಲ್ಲಿ, ಒಲೆಯ ಮುಂದಿನ ಚಿತ್ರವನ್ನು ತಾಯಿಗೆ ತಿಳಿಸಿ ತೆಗೆದದ್ದೇ ಎಂದು ಕೇಳಿದೆ.

“ಅವರೇ ‘ತೆಗೆ’ ಅಂದದ್ದು ಸಾರ್. ನೀವು ಆವತ್ತು ಕೇಳಲಿಲ್ಲ.”

ಇದನ್ನೆಲ್ಲ ಬರೆಯಬಹುದೆ ಎಂದು ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ. ಅತ್ತೆಯ ಪಟ ನನ್ನ ಮೇಜಿನ ಮೇಲಿದೆ. ಅದನ್ನು ಗೋಡೆಗೆ ಹಾಕಲು ಈಗ ಯಾರನ್ನು ಕೇಳಲಿ?