ಊಟದ ಪೊಟ್ಟಣದಲ್ಲಿ ಬಂದ ಚಟ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಿಗೆ ಕೊಡುತ್ತಿದ್ದ ಊಟದ ಪೊಟ್ಟಣದಲ್ಲಿ ಬಿಸ್ಕತ್ತು, ಕಾಫಿಪುಡಿಯ ಜೊತೆ ಸಿಗರೇಟೂ ಇರುತ್ತಿತ್ತು. ವಿಯೆಟ್ನಾಂ ಕಾಡುಗಳಿಗೂ ಅದು ಹಾಗೆಯೇ ಹೋಯಿತು. ಸರ್ಕಾರವೇ ಕೈಗಿಟ್ಟಿದ್ದನ್ನು ಬಿಡಲಾಗದೆ ಒದ್ದಾಡುವ ಮಾಜಿ ಸೈನಿಕನಿಗೆ ‘ಮನಸ್ಸು ಗಟ್ಟಿ ಮಾಡ್ಕೊ’ ಎಂದು ಬುದ್ಧಿ ಹೇಳುವುದು ಅನ್ಯಾಯ.

ಯುದ್ಧದ ಆಘಾತ ಹೊತ್ತು ಬಂದವನು ರಾತ್ರಿ ಬೆಚ್ಚಿ ಎದ್ದರೆ ಕೈ ಮೊದಲು ತಡಕುವುದು ಸಿಗರೇಟನ್ನೇ. ನಿಕೋಟಿನ್ ಇಳಿದಾಗಿನ ಚಡಪಡಿಕೆಗೂ ಹಳೆಯ ಭಯಕ್ಕೂ ದೇಹಕ್ಕೆ ಅಂತರ ತಿಳಿಯದು. ಒಂದು ದಮ್ಮು ಎಳೆದರೆ ಎರಡೂ ತಗ್ಗಿದಂತಾಗುತ್ತದೆ.

ಈ ಚಟಕ್ಕೂ ನಂಟಿರುವ ಇನ್ಸುಲಾ ಎಂಬ ಭಾಗ ಮಿದುಳಿನ ಒಳಮಡಿಕೆಯಲ್ಲಿದೆ. ಪಾರ್ಶ್ವವಾಯು ಮುಂತಾದವುಗಳಿಂದ ಅಲ್ಲಿಗೆ ಪೆಟ್ಟಾದ ಕೆಲವರಿಗೆ ಸೇದುವ ಬಯಕೆಯೇ ಇಲ್ಲವಾಗಿದ್ದನ್ನು 2007ರಲ್ಲಿ ಸಂಶೋಧಕರು ಗುರುತಿಸಿದರು. ಆ ಭಾಗವನ್ನೂ ಮುಟ್ಟುವ ಕಾಂತೀಯ ಚಿಕಿತ್ಸೆಗೆ, ಸಿಗರೇಟು ಬಿಡಿಸಲೆಂದು, 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅರಿವಳಿಕೆ ಬೇಡ. ಕುರ್ಚಿಯಲ್ಲಿ ಕೂರಿಸಿ ತಲೆಗೆ ಹೆಲ್ಮೆಟ್ಟಿನಂಥದ್ದನ್ನು ಇಡುತ್ತಾರೆ. ಟಕಟಕ ಸದ್ದು, ನೆತ್ತಿಯ ಮೇಲೆ ಕುಟ್ಟಿದ ಅನುಭವ. ಅದರ ಪ್ರಯೋಗದಲ್ಲಿ ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 19 ಮಂದಿ ಬಿಟ್ಟರು, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಸುಮಾರು 9. ಪವಾಡವೇನಲ್ಲ. ಆದರೂ ಯಂತ್ರದಿಂದ ಬಿಟ್ಟರೆ ಅದೆಂಥ ಸಾಧನೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಛಲವಿಲ್ಲದವನು ಮೂರು ವಾರ ಬಿಡದೆ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆಯೇ?

ನನ್ನ ಆತಂಕ ಬೇರೆಯದು. ಆ ಪ್ರಯೋಗದಲ್ಲಿ ಯಂತ್ರ ಹಚ್ಚುವ ಮುನ್ನ ಬಯಕೆಯನ್ನು ಬೇಕೆಂದೇ ಕೆರಳಿಸುತ್ತಿದ್ದರು. ಯಾವ ಗಳಿಗೆಯಲ್ಲಿ ಸೇದಬೇಕೆನಿಸುತ್ತದೋ ಅದನ್ನು ನೆನೆಯಬೇಕು, ಸಿಗರೇಟು, ಲೈಟರ್ ಕೈಯಲ್ಲಿ ಹಿಡಿಯಬೇಕು. ಸಾಮಾನ್ಯ ಮನುಷ್ಯನಿಗೆ ಆ ಗಳಿಗೆ ಊಟದ ನಂತರದ್ದಿರಬಹುದು. ಮಾಜಿ ಸೈನಿಕನಿಗೆ? ಗೆಳೆಯನ ಹೆಣ ಹೊತ್ತು ತಂದು ಇಳಿಸಿದ ಮರುಕ್ಷಣ ಹಚ್ಚಿದ ಸಿಗರೇಟೇ ನೆನಪಾದರೆ, ಬಯಕೆಯ ಬೆನ್ನಿಗೆ ಆ ಹೆಣವೂ ಎದ್ದು ಬರುತ್ತದೆ. ಆ ನೆನಪನ್ನು ತಣಿಸುವುದು ಯಂತ್ರದ ಕೆಲಸವಲ್ಲ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸಿಗರೇಟು ಬಿಡಿಸಲು ಬೇರೆ ವಿಭಾಗಕ್ಕೆ ಕಳಿಸಿದಾಗ ನೂರಕ್ಕೆ 4.5 ಮಂದಿ ಬಿಟ್ಟರೆ, ಆಘಾತಕ್ಕೆ ಚಿಕಿತ್ಸೆ ಕೊಡುತ್ತಿದ್ದವರೇ ಅದನ್ನೂ ನೋಡಿಕೊಂಡಾಗ 8.9 ಮಂದಿ ಬಿಟ್ಟರು. ಆ ಚಿಕಿತ್ಸಕರಿಗೆ ಸೈನಿಕರ ರಾತ್ರಿಗಳ ಪರಿಚಯವಿತ್ತು. ಕಾಂತದ ಕುರ್ಚಿಯ ಪಕ್ಕದಲ್ಲೂ ಅಂಥವರೊಬ್ಬರು ಕೂತಿರಬೇಕು. ಅವರ ಸಂಬಳವನ್ನೂ, ಸಿಗರೇಟು ಹಂಚಿದ ಸರ್ಕಾರವೇ ಯಂತ್ರದ ಖರ್ಚಿನೊಡನೆ ಕೊಡಬೇಕು.