ವಿವಾಹದ ಸ್ಥಳವೂ ದಿಗ್ವ್ರತವೂ

ಶ್ರಾವಕನಿಗೆ ವಿವಾಹವು ಬ್ರಹ್ಮಚರ್ಯಾಣುವ್ರತದ ಹೊಸ್ತಿಲು. ಸ್ವದಾರಸಂತೋಷವೆಂದು ಆಚಾರ್ಯರು ಕರೆದ ಮಿತಿಯನ್ನು ದೇವ, ಗುರು, ಹಿರಿಯರ ಸಮ್ಮುಖದಲ್ಲಿ ಒಪ್ಪಿಕೊಳ್ಳುವ ದಿನವದು. ಆದುದರಿಂದ ಮದುವೆಯನ್ನು ಎಲ್ಲಿ ನಡೆಸಬೇಕೆಂಬ ಪ್ರಶ್ನೆಯನ್ನೂ ವ್ರತದ ಬೆಳಕಿನಲ್ಲಿಯೇ ವಿಚಾರಿಸತಕ್ಕದ್ದು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಮೂಡಬಿದಿರೆಯ ಸಮೀಪದಲ್ಲಿ ಒಂದು ಶ್ರಾವಕ ಕುಟುಂಬ. ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ, ವರನೂ ಅಲ್ಲಿಯವನೇ. ರಾಜಸ್ಥಾನದ ಉದಯಪುರದಲ್ಲಿ, ಪಿಚೋಲಾ ಸರೋವರದ ದಡದಲ್ಲಿ ಮದುವೆಯಾಗಬೇಕೆಂಬುದು ಅವಳ ಆಸೆ. ತಂದೆಗೆ ಅನುಕೂಲವಿದೆ. ಆದರೆ ಮನೆಯ ಅಜ್ಜಿ ಹಲವು ವರ್ಷಗಳ ಹಿಂದೆ ಮುನಿಗಳ ಎದುರಿನಲ್ಲಿ ದಿಗ್ವ್ರತವನ್ನು ಸ್ವೀಕರಿಸಿದವರು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಶ್ರವಣಬೆಳಗೊಳ, ಉತ್ತರಕ್ಕೆ ಶರಾವತಿ, ದಕ್ಷಿಣಕ್ಕೆ ಕಾಸರಗೋಡಿನ ಚಂದ್ರಗಿರಿ ಹೊಳೆ: ಬದುಕಿರುವ ತನಕ ಇದೇ ಅವರ ಎಲ್ಲೆ. ಸಮುದ್ರ, ನದಿ, ಪರ್ವತ, ಜನಪದಗಳನ್ನು ಗುರುತಾಗಿಟ್ಟು ಎಲ್ಲೆಯನ್ನು ನಿಶ್ಚಯಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ.

“ಅಮ್ಮಾ, ಮೊಮ್ಮಗಳ ಮದುವೆ. ಒಂದು ಸಲಕ್ಕೆ ಎಲ್ಲೆಯನ್ನು ಹಿಗ್ಗಿಸಿಕೊಳ್ಳಬಾರದೆ?” ಎಂದು ಮಗ ಕೇಳಿದ.

“ಹಿಗ್ಗಿಸುವುದಾದರೆ ಅದನ್ನು ಎಲ್ಲೆ ಎನ್ನುವುದೇಕೆ ಮಗಾ? ನೀವು ಹೋಗಿ ಬನ್ನಿ. ನಾನು ಬಸದಿಯಲ್ಲಿ ಕುಳಿತು ಹರಸುತ್ತೇನೆ” ಎಂದರು ಆ ವೃದ್ಧೆ.

ಮಗನು ಕೇಳಿದುದಕ್ಕೆ ಶಾಸ್ತ್ರದಲ್ಲಿ ಕ್ಷೇತ್ರವೃದ್ಧಿಯೆಂದು ಹೆಸರು. ದಿಗ್ವ್ರತದ ಐದು ಅತಿಚಾರಗಳಲ್ಲಿ ಅದೂ ಒಂದು. ಹಾಗಾದರೆ ಅಜ್ಜಿಯ ವ್ರತವು ಮೊಮ್ಮಗಳನ್ನು ಕಟ್ಟಿಹಾಕುವುದೆ? ಇಲ್ಲ. ವ್ರತವು ಸ್ವೀಕರಿಸಿದವರದು, ಇನ್ನೊಬ್ಬರ ಮೇಲೆ ಹೇರತಕ್ಕದ್ದಲ್ಲ. ಆದರೆ ಆ ವ್ರತದ ತಿರುಳನ್ನು ಯಾರೂ ವಿಚಾರಿಸಬಹುದು. ಎಲ್ಲೆಯ ಆಚೆಗೆ ಶ್ರಾವಕನಿಂದ ಸೂಕ್ಷ್ಮ ಪಾಪವೂ ನಡೆಯದಿರುವುದರಿಂದ, ಅಲ್ಲಿಯ ಮಟ್ಟಿಗೆ ಅವನ ಅಣುವ್ರತವು ಮಹಾವ್ರತದ ಯೋಗ್ಯತೆಯನ್ನು ಪಡೆಯುತ್ತದೆ. ಉದಯಪುರವು ಇಲ್ಲಿಂದ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರ. ಇನ್ನೂರು ಮಂದಿ ಹೋಗಿ ಬಂದರೆ ಎಲ್ಲರ ದಾರಿ ಸೇರಿ ನಾಲ್ಕು ಲಕ್ಷ ಕಿಲೋಮೀಟರನ್ನು ಮೀರುತ್ತದೆ. ಆ ದಾರಿಯುದ್ದಕ್ಕೂ ಆಗುವ ಜೀವಹಾನಿಗೆ ಪ್ರಯೋಜನವೇನು? ಹೀಗೆ ಕೇಳಿಕೊಳ್ಳುವುದೇ ಅನರ್ಥದಂಡವಿರತಿಯ ಮೊದಲ ಮೆಟ್ಟಿಲು.

ದೋಷವು ಉದಯಪುರದ್ದೆಂದು ತಿಳಿಯಬಾರದು. ಈರುಳ್ಳಿ, ಗೆಡ್ಡೆಗಳಿಲ್ಲದ ಅಡುಗೆ ಆ ನಾಡಿನಲ್ಲಿ ಸುಲಭವಾಗಿಯೇ ದೊರೆಯುತ್ತದೆ. ಋಷಭದೇವರ ಪ್ರಸಿದ್ಧ ಕ್ಷೇತ್ರವೂ ಸಮೀಪದಲ್ಲಿದೆ. ಬಂಧುಗಳು ದೂರದೂರದ ಊರುಗಳಲ್ಲಿ ನೆಲೆಸಿದ್ದು, ಎರಡೂ ಕಡೆಯ ಹಿರಿಯರಿಗೆ ಅನುಕೂಲವಾಗಲೆಂದು ನಡುವಿನ ಊರನ್ನು ಆರಿಸಿದರೆ ಅದು ಸಪ್ರಯೋಜನವೇ. ಇತ್ತ ಊರಿನಲ್ಲಿಯೇ ಮದುವೆ ನಡೆದರೂ, ದೂರದೇಶದಿಂದ ಹೂವು ತರಿಸಿ, ರಾತ್ರಿಯೆಲ್ಲ ದೀಪ ಉರಿಸಿ ಹುಳುಗಳನ್ನು ಕೊಂದು, ಅನ್ನವನ್ನು ತಿಪ್ಪೆಗೆ ಚೆಲ್ಲಿದರೆ ಪುಣ್ಯವೆಲ್ಲಿ? ತಾನು ಎಲ್ಲೆಯೊಳಗೆ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದನ್ನು ತತ್ತ್ವಾರ್ಥಸೂತ್ರವು ‘ಆನಯನ’ವೆಂದು ಹೆಸರಿಸಿ ದೇಶವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಕಾಲು ನಿಂತರೆ ಸಾಲದು, ಆಸೆಯೂ ನಿಲ್ಲಬೇಕು.

ಆದುದರಿಂದ ಮೊದಲು ಪರಿಮಾಣ, ಆಮೇಲೆ ಸ್ಥಳ. ದೃಷ್ಟಾಂತದ ತಂದೆಯು ಮಗಳನ್ನು ಬಳಿಯಲ್ಲಿ ಕೂರಿಸಿಕೊಂಡು ಕಾಗದದಲ್ಲಿ ನಾಲ್ಕು ಸಂಗತಿಗಳನ್ನು ಬರೆದ: ಬರುವವರೆಷ್ಟು, ವೆಚ್ಚವೆಷ್ಟು, ಸೂರ್ಯಾಸ್ತಕ್ಕೆ ಮುನ್ನ ಎಲ್ಲರ ಊಟ, ಬಳಕೆಗೆಲ್ಲ ಸೋಸಿದ ನೀರು. ಬಳಿಕ, “ಇವಿಷ್ಟೂ ಸುಲಭವಾಗಿ ನಡೆಯುವ ಸ್ಥಳವನ್ನು ನೀನೇ ಹೇಳು” ಎಂದ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಬಸದಿಯ ಪಕ್ಕದ ಸಭಾಭವನ” ಎಂದಳು. ಸರೋವರದ ಆಸೆ ಅವಳಲ್ಲಿ ಇನ್ನೂ ಉಳಿದಿತ್ತು. ಅದನ್ನು ಅವಳು ಮರೆಮಾಚಲಿಲ್ಲ. ಆಸೆಯಿದ್ದೂ ಅದಕ್ಕೆ ಮಿತಿ ಹಾಕುವುದೇ ಅಣುವ್ರತಿಯ ಸಾಧನೆ.

ಮಿತಿಯಿಂದ ಮದುವೆಯ ಗೌರವ ಕುಂದುವುದೆಂಬ ಅಂಜಿಕೆಯೂ ಬೇಡ. ಧರ್ಮಸ್ಥಳದಲ್ಲಿ 1972ರಲ್ಲಿ ಮೊದಲುಗೊಂಡ ಸಾಮೂಹಿಕ ವಿವಾಹಗಳಲ್ಲಿ ಸಹಸ್ರಾರು ದಂಪತಿಗಳು ಆಡಂಬರವಿಲ್ಲದೆಯೇ ಗೃಹಸ್ಥಾಶ್ರಮವನ್ನು ಪ್ರವೇಶಿಸಿದ್ದಾರೆ.

ಮುಹೂರ್ತದ ಬೆಳಿಗ್ಗೆ ಅಜ್ಜಿ ಬಸದಿಯಿಂದ ಗಂಧೋದಕವನ್ನು ತಂದು ಮೊಮ್ಮಗಳ ನೆತ್ತಿಗೆ ಹಚ್ಚಿದರು. ಅವರ ಎಲ್ಲೆ ಒಂದು ಹೆಜ್ಜೆಯಷ್ಟೂ ಹಿಗ್ಗಲಿಲ್ಲ. ಮದುವೆಯೇ ಅದರೊಳಗೆ ಬಂದಿತ್ತು. ಮಕ್ಕಳ ಮದುವೆಯನ್ನು ನಿಶ್ಚಯಿಸುವ ಶ್ರಾವಕ-ಶ್ರಾವಿಕೆಯರು ಸ್ಥಳವನ್ನು ಗೊತ್ತುಮಾಡುವ ಮೊದಲು ಮನೆಯಲ್ಲಿ ಯಾರ ವ್ರತವೇನೆಂದು ಕೇಳಿ ತಿಳಿಯಲಿ. ತಮ್ಮ ಪರಿಮಾಣವನ್ನೂ ಅಂದೇ ಬರೆದಿಡಲಿ.